ಹೆಪ್ಪಿನ ಹಾಳೆ

ಗುಳೇದಗುಡ್ಡ
ಫೆಬ್ರವರಿ 30, 2174

ಮಂದಾಕಿನಿಗೆ,

ಮೇಲಿನ ತಾರೀಖು ನೋಡಿ ಯಾರೋ ಹುಚ್ಚಿ ಬರೆದಿದ್ದಾಳೆಂದು ಈ ಕಾಗದವನ್ನು ಬದಿಗಿಡಬೇಡ. ನಿಮ್ಮ ಕ್ಯಾಲೆಂಡರಿನಲ್ಲಿ ಈ ದಿನ ಇಲ್ಲ, ನಮ್ಮದರಲ್ಲಿ ಇದೆ. ಒಂದು ತಿಂಗಳಿಗೆ ಮೂವತ್ತೊಂದು, ಇನ್ನೊಂದಕ್ಕೆ ಇಪ್ಪತ್ತೆಂಟು ಎಂಬ ಪಂಕ್ತಿಭೇದ ಸಾಕೆಂದು ನಮ್ಮ ಹಿರಿಯರು ಎಲ್ಲ ತಿಂಗಳಿಗೂ ಮೂವತ್ತು ದಿನ ಹಂಚಿ, ಮಿಕ್ಕ ಐದನ್ನು ಸುಗ್ಗಿಯ ರಜೆಗೆ ಬಿಟ್ಟರು. ಫೆಬ್ರವರಿಗೆ ಹೊಸದಾಗಿ ಸಿಕ್ಕ ಈ ಕೊನೆಯ ದಿನವನ್ನು, ಇಲ್ಲದಿದ್ದ ದಿನ ಇಲ್ಲದವರಿಗೇ ಇರಲಿ ಎಂದು, ತೀರಿಹೋದವರಿಗೆ ಬಿಟ್ಟುಕೊಟ್ಟರು. ಇವತ್ತು ಮನೆಮನೆಯಲ್ಲೂ ಯಾರಾದರೊಬ್ಬರು ಹಿಂದಿನವರಿಗೆ ಕಾಗದ ಬರೆಯುತ್ತಾರೆ. ಅದಕ್ಕೆ ಹಿಂದೋಲೆ ಎಂದು ಹೆಸರು. ಬರೆದು ನೀರಿಗೆ ಬಿಡುವುದು ಪದ್ಧತಿ. ಅದು ತಲುಪುತ್ತದೆಯೇ ಎಂದು ಕೇಳುವಷ್ಟು ಒರಟರು ನಮ್ಮ ಊರಿನಲ್ಲಿ ಕಡಿಮೆ.

ನಾನು ಹೊಳೆವ್ವ. ನಿನ್ನ ಮಗಳ ಮಗಳು ನನ್ನ ಅಜ್ಜಿ. ಆ ಲೆಕ್ಕದಲ್ಲಿ ನೀನು ನನ್ನ ಅಜ್ಜಿಯ ಅಜ್ಜಿ. ಆದರೆ ನಾನು ಬರೆಯುತ್ತಿರುವುದು ಇಪ್ಪತ್ತಾರು ವರ್ಷದ ನಿನಗೆ, ಮತ್ತು ನನಗೀಗ ಅರವತ್ತೆಂಟು. ನಮಸ್ಕಾರ ಹೇಳಬೇಕೋ ಆಶೀರ್ವಾದ ಮಾಡಬೇಕೋ ತಿಳಿಯದೆ ಎರಡನ್ನೂ ಕಳಿಸುತ್ತಿದ್ದೇನೆ, ಬೇಕಾದ್ದನ್ನು ಇಟ್ಟುಕೊ. ನಮ್ಮ ಕಡೆ ಅಜ್ಜಿಗೂ ನೀನು ಎಂದೇ ಅನ್ನುವುದರಿಂದ ಒಂದು ತೊಡಕು ತಪ್ಪಿತು. ಇನ್ನೊಂದು ತೊಡಕು ನನ್ನ ಭಾಷೆಯದು. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ನಿನ್ನ ಟ್ರಂಕಿನಲ್ಲಿ ಉಳಿದಿದ್ದ ಲಗ್ನಪತ್ರಿಕೆಗಳ ಮಾದರಿಗಳಿಂದ. ಹೀಗಾಗಿ ನಡುವೆ ಎಲ್ಲಾದರೂ ನಾನು ಗುರುಹಿರಿಯರು ನಿಶ್ಚಯಿಸಿದಂತೆ ಮಾತಾಡಿದರೆ ನಗಬೇಡ. ನಕ್ಕರೂ ತಪ್ಪಿಲ್ಲ, ಆ ಪತ್ರಿಕೆಗಳನ್ನು ಬೈಯುತ್ತಾ ಮಾಡಿದವಳು ನೀನೇ.

ಇವತ್ತು ನಿನ್ನ ಹಿತ್ತಲು ಹೇಗಿದೆ ಎಂಬುದು ನನಗೆ ನನ್ನ ಹಿತ್ತಲಿಗಿಂತ ಚೆನ್ನಾಗಿ ಗೊತ್ತು. ನೀನು ಅಜ್ಜಿಗೆ ಹೇಳಿದ್ದೆ, ಅಜ್ಜಿ ನನಗೆ ಹೇಳಿದಳು. ದೂರದ ಕಲಾಶಾಲೆಯಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಎರಡು ಟ್ರಂಕು ಹೊತ್ತು ಬಸ್ಸಿನಿಂದ ಇಳಿದು ನಿನಗೆ ಐದು ತಿಂಗಳಾಗಿದೆ. ಬೇವಿನ ಮರದ ಕೆಳಗೆ, ಯಾವುದೋ ಖಾನಾವಳಿಯವರು ಮಾರಿದ ಹಳೆಯ ಗ್ರೈಂಡರಿನಲ್ಲಿ, ಇಡ್ಲಿ ಹಿಟ್ಟು ರುಬ್ಬುತ್ತಿದ್ದ ಕಲ್ಲಿನ ಕೆಳಗೆ ಖಣದ ಚಿಂದಿ ಅರೆಯುತ್ತಿದ್ದೀ. ಊರಿನ ಮಗ್ಗಗಳಲ್ಲಿ ಕುಪ್ಪಸದ ಖಣ ನೇಯ್ದು ಅಂಚು ಕತ್ತರಿಸಿದಾಗ ಉಳಿಯುವ ಚೂರುಗಳನ್ನು ಮೂಟೆ ಕಟ್ಟಿ ತಂದು, ಸೋಡಾ ಹಾಕಿ ಕುದಿಸಿ, ತೊಳೆದು ಅರೆದು, ಸೊಳ್ಳೆ ಜಾಲರಿ ಬಿಗಿದ ಚೌಕಟ್ಟನ್ನು ತೊಟ್ಟಿಯಲ್ಲಿ ಅದ್ದಿ ಎತ್ತುತ್ತೀ. ನೀರು ಇಳಿದ ಮೇಲೆ ಹಸಿ ಹಾಳೆಯನ್ನು ಕಂಬಳಿ ತುಂಡಿನ ಮೇಲೆ ಮಗುಚಿ, ಲಾರಿಯ ಜಾಕಿನಿಂದ ಒತ್ತಿ, ಬಚ್ಚಲುಮನೆಯ ಗೋಡೆಗೆ ಅಂಟಿಸಿ ಒಣಗಿಸುತ್ತೀ. ಸ್ನಾನಕ್ಕೆ ಹೋದವರೆಲ್ಲ ಬೈಯುತ್ತಾರೆ. ಓಣಿಯವರಂತೂ, ಓದಿ ಓದಿ ಮರುಳಾದ ಕೂಚಂಭಟ್ಟ ಎಂಬ ಗಾದೆಗೆ ಕೊನೆಗೂ ಒಂದು ಹೆಣ್ಣು ರೂಪ ಸಿಕ್ಕಿತೆಂದು ಖುಷಿಯಾಗಿದ್ದಾರೆ. "ಅಷ್ಟ್ ದೂರ ಹೋಗಿ ಕಲ್ತು ಬಂದು ಚಿಂದಿ ಆಯಾಕತ್ತಾಳ್ರೀ" ಎಂದು ಕಟ್ಟೆಯ ಮೇಲೆ ಕೂತವರು ನಿನಗೆ ಕೇಳುವಂತೆಯೇ ಆಡಿಕೊಳ್ಳುತ್ತಾರೆ. ವಾರಕ್ಕೆ ಮೂರು ದಿನ ಶಾಲೆಯೊಂದರಲ್ಲಿ ಚಿತ್ರಕಲೆ ಹೇಳಿಕೊಡುತ್ತೀ, ಉಳಿದ ದಿನ ಲಗ್ನಪತ್ರಿಕೆಯ ಆರ್ಡರು. ನಿನ್ನದೇ ಎನ್ನುವ ಹಾಳೆ, ನೀನು ಮಾಡಬೇಕೆಂದುಕೊಂಡಿದ್ದ ದೊಡ್ಡ ಹಾಳೆ, ಇನ್ನೂ ಒಂದೂ ಆಗಿಲ್ಲ.

ಅದೆಲ್ಲ ನಿನಗೆ ಕಷ್ಟದ ದಿನ. ನನಗೆ ಅದರ ಮೇಲೆ ಎಂಥ ಆಸೆ ಎಂದು ಹೇಳಿದರೆ ಸಿಟ್ಟಾಗುತ್ತೀ. ಸಂತೆಯಲ್ಲಿ ಮಿರ್ಚಿಯನ್ನು ನಿನ್ನೆಯ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದರಂತೆ. ತಿನ್ನುತ್ತಾ ಎಣ್ಣೆ ಇಳಿದ ಸುದ್ದಿ ಓದಬಹುದಿತ್ತಂತೆ. ಜೂನ್ ತಿಂಗಳಲ್ಲಿ ಮಕ್ಕಳೆಲ್ಲ ನೆಲದ ಮೇಲೆ ಕೂತು ಪುಸ್ತಕಗಳಿಗೆ ಕಂದು ಹಾಳೆಯ ಹೊದಿಕೆ ಹಾಕುತ್ತಿದ್ದರಂತೆ. ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ಹಾಲಿನವನು ಬಾರದ ದಿನಕ್ಕೆ ಒಂದು ಗೀಟು. ನಾಲ್ಕು ಮೂಲೆಗೆ ಅರಿಸಿನ ಹಚ್ಚಿದ ಪತ್ರಿಕೆ. ನಾನು ಇವುಗಳಲ್ಲಿ ಒಂದನ್ನೂ ಕಂಡಿಲ್ಲ, ಆದರೂ ಎಷ್ಟೋ ಸಲ ಮಧ್ಯಾಹ್ನ ಮಲಗಿದಾಗ ಮೂಗಿಗೆ ಹೊಸ ಪುಸ್ತಕದ ವಾಸನೆ ಬಂದಂತಾಗಿ ಎದ್ದು ಕೂತಿದ್ದೇನೆ. ಕಾಣದ್ದಕ್ಕೂ ಮನುಷ್ಯ ಹಂಬಲಿಸಬಲ್ಲ ಎಂದು ನನಗೆ ಕಲಿಸಿದವಳು ಅಜ್ಜಿ.

ನಿನ್ನ ಹೆಪ್ಪಿನ ವಿಷಯಕ್ಕೆ ಬರುತ್ತೇನೆ. ಕಲಾಶಾಲೆಯಲ್ಲಿದ್ದಾಗ ನಿನ್ನ ಹಾಳೆಗಳು ಕಂಬಳಿಯಿಂದ ಬಿಡಿಸುವಾಗಲೆಲ್ಲ ಹರಿಯುತ್ತಿದ್ದವು. ಅಳುತ್ತಾ ಫೋನು ಮಾಡಿದಾಗ ನಿನ್ನನ್ನು ಸಾಕಿದ ಅಜ್ಜಿ ನೀಲವ್ವ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು: "ಹೆಪ್ಪು ಹಾಕಿದ್ದಿಲ್ಲೇನ? ಹೆಪ್ಪಿಲ್ದ ಯಾವ್ದು ಗಟ್ಟಿ ಆಕ್ಕೈತವ್ವಾ?" ಆಕೆಗೆ ಕಾಗದದ ಕೆಲಸ ಗೊತ್ತಿರಲಿಲ್ಲ, ಮೊಸರು ಗೊತ್ತಿತ್ತು. ನೀನು ನಕ್ಕೆ, ಆಮೇಲೆ ಬೇರೆ ದಾರಿ ಕಾಣದೆ ಹಿಂದಿನ ಸಲದ ಹರಿದ ಹಾಳೆಯಿಂದ ಅಂಗೈಯಗಲ ಚೂರು ಕಿತ್ತು ನೆನೆಸಿ ಹೊಸ ತೊಟ್ಟಿಗೆ ಕಲಸಿದೆ. ಆ ಸಲ ಹಾಳೆ ಹರಿಯಲಿಲ್ಲ. ಅಷ್ಟು ಹೊತ್ತಿಗೆ ನೀನು ಚಿಂದಿಯನ್ನು ಹೆಚ್ಚು ಹೊತ್ತು ಅರೆಯಲು ಕಲಿತಿದ್ದೆ, ನಿಜವಾದ ಕಾರಣ ಅದೇ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಆದರೆ ಅಂದಿನಿಂದ ಪ್ರತಿ ತೊಟ್ಟಿಗೂ ಹಿಂದಿನ ತೊಟ್ಟಿಯ ಒಂದು ಚೂರು ಬೀಳತೊಡಗಿತು. ಒಂದು ಹಾಳೆಯನ್ನು ಯಾರಿಗೂ ಕೊಡದೆ ಹೆಪ್ಪಿಗೆಂದು ಎತ್ತಿಡುವುದು ಮನೆಯ ನೇಮವಾಯಿತು. ಹಾಗೆ ಹೆಪ್ಪಿಗೆಂದೇ ಎತ್ತಿಟ್ಟದ್ದಲ್ಲದೆ ಬೇರೆ ಯಾವ ಹಾಳೆಯೂ ಹೆಪ್ಪಿಗೆ ಬಾರದು ಎಂಬುದೂ ಅದಕ್ಕೆ ಸೇರಿತು. ನೀನು ಹಾಕಿದ್ದನ್ನು ನಿನ್ನ ಮಗಳು, ಆಮೇಲೆ ಅಜ್ಜಿ, ಅವ್ವ, ನಾನು ಹೀಗೆ ನೂರೈವತ್ತು ವರ್ಷ ಮುರಿಯದಂತೆ ತಂದೆವು.

ಲವಿನಾಳ ಹೆಸರು ಎತ್ತಿದರೆ ನೀನು ಕಾಗದ ಹರಿದು ಹಾಕಬಹುದು, ಆದರೂ ಎತ್ತಲೇಬೇಕು. ಕಲಾಶಾಲೆಯಲ್ಲಿ ನಿನ್ನ ಜೊತೆ ಒಂದೇ ತೊಟ್ಟಿಯಲ್ಲಿ ಕೈ ಅದ್ದಿದವಳು, ಮಂಗಳೂರಿನ ಕಡೆಯ ಹುಡುಗಿ, ನಿನ್ನ ಪಾಲಿನ ಚಪಾತಿಯನ್ನೂ ತಿಂದವಳು. ಕೊನೆಯ ವರ್ಷದ ಪ್ರದರ್ಶನದಲ್ಲಿ ಆಕೆ ಹೆಪ್ಪಿನ ಹಾಳೆಗಳನ್ನು ತೂಗುಹಾಕಿ, ಇದು ನಮ್ಮ ಮನೆಯ ಪದ್ಧತಿ ಎಂದು ಬಂದವರಿಗೆಲ್ಲ ವಿವರಿಸಿದಳು. ಅದರಿಂದಲೇ ಆಕೆಗೆ ಹೊರದೇಶದಲ್ಲಿ ಎರಡು ವರ್ಷ ಕೆಲಸ ಮಾಡುವ ಅವಕಾಶ ಸಿಕ್ಕಿತು, ನಿನಗೆ ಬಸ್ಸು ಸಿಕ್ಕಿತು. ಈಗ ನಿನ್ನ ಹೊಟ್ಟೆ ಹೇಗೆ ಉರಿಯುತ್ತಿದೆ ಎಂದು ನನಗೆ ಗೊತ್ತು. ಆಕೆ ತಪ್ಪಾಯಿತೆಂದು ಬಾಳೆನಾರಿನ ಹಾಳೆಯ ಮೇಲೆ ಬರೆದ ಮೂರು ಕಾಗದಗಳು ಮುಂದೆ ನಿನಗೆ ಬರುತ್ತವೆ, ನೀನು ಒಂದಕ್ಕೂ ಉತ್ತರ ಬರೆಯುವುದಿಲ್ಲ. ಆದರೆ ಹರಿಯುವುದೂ ಇಲ್ಲ. ಅವು ಇವತ್ತಿಗೂ ಟ್ರಂಕಿನ ತಳದಲ್ಲಿವೆ, ವಿಳಾಸದ ಸಮೇತ.

ನಮ್ಮ ಕಾಲದ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿನಗೆ ಅರ್ಥವಾಗದು. ನಿಮ್ಮ ನಂತರ ಬಹಳ ದಿನ ಯಾರಿಗೂ ಕಾಗದ ಬೇಕಾಗಲಿಲ್ಲ. ಹುಟ್ಟು, ಮದುವೆ, ಹೊಲ, ಮನೆ ಎಲ್ಲವೂ ನೆನಪುಮಣಿಗಳಲ್ಲಿ ಇರುತ್ತಿದ್ದವು. ಜೋಳದ ಕಾಳಿನಷ್ಟು ದೊಡ್ಡ ಗಾಜಿನ ಮಣಿ, ಒಂದೊಂದು ಮನೆತನಕ್ಕೆ ಒಂದು, ಹೆಂಗಸರು ಸರದಲ್ಲಿ ಪೋಣಿಸಿಕೊಳ್ಳುತ್ತಿದ್ದರು. ನನ್ನ ಅವ್ವ ಮೂರು ವರ್ಷದವಳಿದ್ದಾಗ ಹನ್ನೊಂದು ದಿನ ಮಣಿಗಳೆಲ್ಲ ಮಂಕಾದವು. ಹನ್ನೆರಡನೆಯ ದಿನ ಬೆಳಗಿದಾಗ ಅರ್ಧಕ್ಕರ್ಧ ಜನರ ಹೆಸರುಗಳೇ ಇರಲಿಲ್ಲ. ಆಗ ಊರವರು ನಮ್ಮ ಹಿತ್ತಲಿಗೆ ಓಡಿಬಂದರು. ಚಿಂದಿ ಆಯುವವರ ಮನೆ ಎಂದು ನಗುತ್ತಿದ್ದವರ ಮೊಮ್ಮಕ್ಕಳು ಸಾಲಿನಲ್ಲಿ ನಿಂತು ಹಾಳೆ ಕೇಳಿದ್ದನ್ನು ಅಜ್ಜಿ ಸಾಯುವವರೆಗೂ ಬಾಯಿ ಚಪ್ಪರಿಸಿ ಹೇಳುತ್ತಿದ್ದಳು. ಅಂದಿನಿಂದ ಮುಖ್ಯವಾದದ್ದನ್ನು ಹಾಳೆಯ ಮೇಲೂ ಬರೆಯುತ್ತಾರೆ. ಬಿತ್ತನೆಯ ದಿನ ಆ ವರ್ಷದ ಕಾಳು ಉಣ್ಣಬೇಕಾದವರ ಹೆಸರುಗಳನ್ನು ಬರೆದು ಮೊದಲ ಸಾಲಿನಲ್ಲಿ ಹೂಳುತ್ತಾರೆ, ಅದು ಬಿತ್ತೋಲೆ. ಹಾಳೆ ಮಾಡಲು ಬೇಕಾದಷ್ಟು ಬಟ್ಟೆಚೂರು ಸಿಗುತ್ತದೆ, ನೀರು ಮಾತ್ರ ಸಿಗುವುದಿಲ್ಲ. ಮೋಡ ಕಟ್ಟಿದಾಗ ಯಾವ ಊರು ಎಷ್ಟು ನೀರು ಹಿಡಿಯಬೇಕೆಂಬ ಸರದಿ ಇದೆ, ಮೋಡಪಾಳಿ ಎನ್ನುತ್ತೇವೆ. ನಮ್ಮ ತೊಟ್ಟಿಗೆ ವರ್ಷದಲ್ಲಿ ಮೂರು ಸಲ ನೀರು ಬಂದರೆ ಪುಣ್ಯ.

ನನ್ನ ಮೊಮ್ಮಗಳು ಬನವ್ವ ಹೋದ ವರ್ಷ ಹಿರಿಗಲಿಕೆ ಮುಗಿಸಿ ಬಂದಳು. ನಿಮ್ಮ ಸ್ನಾತಕೋತ್ತರ ಎಂಬುದು ನಮ್ಮಲ್ಲಿ ಹಿರಿಗಲಿಕೆ. ಅವಳಿಗೂ ಇಪ್ಪತ್ತಾರು. ರಾಜಧಾನಿಯ ಬರಹಭಂಡಾರದವರು ಅವಳಿಗೆ ನೆರಳಿನಲ್ಲಿ ಕೂತು ಮಾಡುವ ಕೆಲಸ ಕೊಡುತ್ತೇವೆಂದರು, ಫೆಬ್ರವರಿ ಮುಗಿಯುವುದರೊಳಗೆ ಒಪ್ಪಿಗೆ ತಿಳಿಸಬೇಕು ಎಂದರು. ನನ್ನ ಕೈ ನಡುಗತೊಡಗಿದೆ, ಚೌಕಟ್ಟನ್ನು ಸಮವಾಗಿ ಎತ್ತಲು ಆಗುವುದಿಲ್ಲ. ಅವಳು ಹೋದರೆ ನಮ್ಮ ತೊಟ್ಟಿಯಲ್ಲಿ ಕೋಳಿ ಮರಿ ಸಾಕಬೇಕು. ನಾನು ಬಾಯಿಬಿಟ್ಟು ಇರು ಎನ್ನಲಿಲ್ಲ, ಆ ಮಾತು ಅವಳಿಂದಲೇ ಬರಲಿ ಎಂಬ ಹಮ್ಮು. ಅವಳೇ ಹೇಳಿದಳು, ಮೊದಲ ತೊಟ್ಟಿಯೊಂದನ್ನು ಪೂರ್ತಿ ತಾನೇ ಮಾಡಿ ನೋಡುತ್ತೇನೆ, ಹಾಳೆ ತನ್ನ ಮಾತು ಕೇಳಿದರೆ ಇಲ್ಲೇ ಇರುತ್ತೇನೆ ಎಂದು. ಮೋಡಪಾಳಿಯ ನೀರು ಬಂತು. ಚಿಂದಿ ಅರೆದು ತೊಟ್ಟಿ ತುಂಬಿದೆವು. ಹದಿನೇಳನೆಯ ತಾರೀಖು ಬೆಳಿಗ್ಗೆ ಹೆಪ್ಪಿನ ಹಾಳೆ ತೆಗೆಯಲು ಕಪಾಟಿಗೆ ಕೈ ಹಾಕಿದೆ. ಕಪಾಟು ಬರಿದಾಗಿತ್ತು.

ಮಾಡಿದ್ದು ನಾನೇ. ಹಿಂದಿನ ದಿನ ಪಕ್ಕದ ಊರಿನ ಹೆಣ್ಣುಮಗಳೊಬ್ಬಳು ಬಿತ್ತೋಲೆಗೆ ಹಾಳೆ ಒಯ್ಯಲು ಬಂದಿದ್ದಳು. ಕೇಳಿದಷ್ಟು ಕೊಟ್ಟೆ. ಆಕೆ ಎದ್ದೇಳಲಿಲ್ಲ. "ಕೊಸರು ಹಾಕಬೇ, ಬರೇ ಎಣಿಸಿದ್ದು ಒಯ್ದ್ರ ಬೆಳಿನೂ ಎಣಿಸಿದಂಗ ಬರ್ತೈತಿ" ಎಂದಳು. ಅಳತೆಯ ಮೇಲೆ ಒಂದು ಹಿಡಿ ಕೊಸರು ಹಾಕದ ಕೈ ನಮ್ಮ ಮನೆಯಲ್ಲಿ ಹುಟ್ಟಿಲ್ಲ. ಕನ್ನಡಕ ಹುಡುಕುವ ಸೋಮಾರಿತನಕ್ಕೆ ಕಪಾಟಿನಲ್ಲಿ ಕೈಗೆ ಸಿಕ್ಕ ಒಂದು ಹಾಳೆಯನ್ನು ಎಳೆದು ಕಟ್ಟಿನ ಮೇಲಿಟ್ಟೆ. ನೂರೈವತ್ತು ವರ್ಷದ ಹೆಪ್ಪನ್ನು ಕೊಸರಿಗೆ ಕೊಟ್ಟು, ಮೇಲೆ ಎಲೆ ಅಡಿಕೆಯನ್ನೂ ಕೊಟ್ಟು ಕಳಿಸಿದೆ. ಮರುದಿನ ನಾನು ಆ ಊರಿಗೆ ಓಡುವಷ್ಟರಲ್ಲಿ ಅದು ಹೆಸರು ಹೊತ್ತು ಮಣ್ಣಿನೊಳಗೆ ಹೋಗಿ, ಮೇಲೆ ನೀರು ಬಿಟ್ಟಾಗಿತ್ತು.

ಹೆಪ್ಪಿಲ್ಲದೆಯೇ ಅದ್ದು, ಹಾಳೆ ಬರುತ್ತದೆ ಎಂದು ಬನವ್ವನಿಗೆ ಹೇಳಿದೆ. ಅವಳು ಚೌಕಟ್ಟನ್ನು ಗೋಡೆಗೆ ಒರಗಿಸಿದಳು. "ಕಾಗದ ಆಗ್ಬೋದು ಅಜ್ಜಿ. ನಮ್ಮನಿ ಕಾಗದ ಆಗೂದಿಲ್ಲ. ಹಂಗ ಮಾಡೂದಾದ್ರ ನಾ ಇಲ್ಲೇ ಯಾಕ ಮಾಡ್ಬೇಕು?" ಎಂದಳು. ಅವಳ ಮೇಲೆ ಸಿಟ್ಟು ಬಂತು, ಆಮೇಲೆ ಹೆಮ್ಮೆಯಾಯಿತು, ಆಮೇಲೆ ಅಡುಗೆಮನೆಗೆ ಹೋಗಿ ಅತ್ತೆ. ಅರೆದ ತಿರುಳು ತೊಟ್ಟಿಯಲ್ಲಿ ಹದಿಮೂರು ಹದಿನಾಲ್ಕು ದಿನಕ್ಕಿಂತ ತಾಳದು, ಹುಳಿಯುತ್ತದೆ. ಮುಂದಿನ ಪಾಳಿ ನಾಲ್ಕು ತಿಂಗಳ ಮೇಲೆ.

ಆಗ ನೆನಪಾದದ್ದು ಆ ಸಂಜೆಯ ಕಥೆ. ಅದು ನಿನಗಿನ್ನೂ ನಡೆದಿಲ್ಲ. ನಿನ್ನ ಮೂವತ್ಮೂರನೆಯ ವರ್ಷದಲ್ಲಿ ನಡೆಯುತ್ತದೆ. ಮಳೆಗಾಲ ಮುಗಿದ ಒಂದು ಸಂಜೆ ಬಾಗಿಲಲ್ಲಿ ಲವಿನಾ ನಿಂತಿರುತ್ತಾಳೆ, ಕೈಯಲ್ಲಿ ಒಂದು ಚೀಲ, ಚಪ್ಪಲಿಯಲ್ಲಿ ಕೆಸರು. ಕಡಲು ಉಕ್ಕಿ ಆಕೆಯ ಕಾಗದದ ಮನೆಯನ್ನು ತೊಟ್ಟಿ, ಚೌಕಟ್ಟು ಸಮೇತ ಒಯ್ದಿರುತ್ತದೆ. "ಒಂದು ಹಾಳೆ ಸಾಕು ಮಾರಾಯ್ತಿ, ಹೆಪ್ಪಿಗೆ. ಮತ್ತೆ ಶುರು ಮಾಡ್ಲಿಕ್ಕೆ ನನ್ನ ಹತ್ರ ಏನೂ ಇಲ್ಲ" ಎನ್ನುತ್ತಾಳೆ. ನೀನು ಒಳಗೆ ಕರೆಯುವುದಿಲ್ಲ. ದೇವರ ಗೂಡಿನ ಕಡೆ ಕೈ ತೋರಿಸಿ, "ದೀಪ ಹಚ್ಚೇವಿ. ದೀಪ ಹಚ್ಚಿದ ಮ್ಯಾಲೆ ನಮ್ಮನ್ಯಾಗ ಹೆಪ್ಪು ಕೊಡಂಗಿಲ್ಲ" ಎನ್ನುತ್ತೀ. ಮನೆಯ ನೇಮವೇ ನಿನಗೆ ಕತ್ತಿಯಾಗಿ ಸಿಕ್ಕಿತು ನೋಡು. ಲವಿನಾ ತಿರುಗಿ ಮೆಟ್ಟಿಲು ಇಳಿಯುತ್ತಾಳೆ. ಆಗ ಮೂಲೆಯ ಹಾಸಿಗೆಯಿಂದ ನೀಲವ್ವ ಏಳುತ್ತಾಳೆ. ತೊಂಬತ್ತರ ಹತ್ತಿರದ ಮುದುಕಿ, ತಿಂಗಳಿಂದ ಯಾರೂ ಹಿಡಿಯದೆ ಎದ್ದವಳಲ್ಲ. ಗೋಡೆ ಹಿಡಿದು ಗೂಡಿನವರೆಗೆ ನಡೆದು, ಹುಟ್ಟಿದಾಗಿನಿಂದ ಒಂದು ದಿನವೂ ಮಾಡದ ಕೆಲಸ ಮಾಡುತ್ತಾಳೆ. ಉರಿಯುವ ದೀಪವನ್ನು ಬೆರಳಿನಿಂದ ಒತ್ತಿ ಶಾಂತ ಮಾಡಿ, "ನಮ್ಮನ್ಯಾಗ ದೀಪ ಇನ್ನಾ ಹಚ್ಚಿಲ್ಲ. ಕರಿ ಆಕೀನ, ಕೊಡು" ಎನ್ನುತ್ತಾಳೆ. ನೀನು ಕೊಟ್ಟೆ.

ಟ್ರಂಕಿನ ತಳದ ವಿಳಾಸ ಹಿಡಿದು ನಾನು ಘಟ್ಟದ ರೈಲು ಹತ್ತಿದೆ. ಅರವತ್ತೆಂಟರ ಮಂಡಿಗೆ ಎರಡು ದಿನದ ರೈಲು ಎಂದರೆ ಏನೆಂದು ನಿನಗೆ ಮುಂದೆ ತಿಳಿಯುತ್ತದೆ. ವಿಳಾಸದ ಓಣಿಯ ಮೇಲೆ ಈಗ ಕಡಲಿದೆ. ಜನ ಹಿಂದಕ್ಕೆ ಸರಿದು, ಎತ್ತರದ ಕಂಬಗಳ ಮೇಲೆ ಮನೆ ಕಟ್ಟಿಕೊಂಡಿದ್ದಾರೆ, ಮನೆಗಳ ಹಳೆಯ ಹೆಸರುಗಳನ್ನು ಮಾತ್ರ ಜೊತೆಗೆ ತಂದಿದ್ದಾರೆ. ನಾಲ್ಕು ದಿನ ಕೇಳುತ್ತಾ ಅಲೆದ ಮೇಲೆ ಲವಿನಾಳ ಮರಿಮಗ, ವಲೇರಿಯನ್ ಎಂಬ ಮುದುಕ ಸಿಕ್ಕ. ದೋಣಿಗೆ ಬಲೆ ಹೆಣೆಯುವವನು. ಕಾಗದದ ಕೆಲಸ ಅವರ ಮನೆಯಲ್ಲಿ ಎಂದೋ ನಿಂತಿದೆ. ಬಂದ ಕಾರಣ ಹೇಳುವ ಬದಲು ನಾನು ಮೊದಲು ಬಲೆಯ ವಿಚಾರ ಕೇಳಿದೆ. ಅವರ ಮುತ್ತಜ್ಜಿಯನ್ನು ನಮ್ಮ ಮನೆಯ ಬಾಗಿಲಿನಿಂದ ಇಳಿಸಿ ಕಳಿಸಲು ಹೊರಟಿದ್ದವಳ ಮನೆಯಿಂದ ನಾನು ಬಂದಿದ್ದೆ. ಹೊರಗೆ ಸಂಜೆಯಾಗಿತ್ತು, ಅವರ ಮನೆಯಲ್ಲೂ ಮೇಣದ ಬತ್ತಿ ಹಚ್ಚಿದ್ದರು. ನಾನು ನಿಧಾನವಾಗಿ ಎಲ್ಲ ಹೇಳಿದೆ. ಆತ ಕೇಳಿಸಿಕೊಂಡು, "ಓ, ಅದಾ? ಅದು ಬೈಬಲಿನ ಒಳಗೆ ಉಂಟಲ್ಲ. ನೀವು ಬರ್ಲಿಕ್ಕೆ ಎಷ್ಟು ತಡ ಮಾಡಿದ್ರಿ ಮಾರಾಯ್ರೆ!" ಎಂದ.

ನಾಲ್ಕಾಗಿ ಮಡಿಸಿದ ದೊಡ್ಡ ಹಾಳೆ. ಒಂದು ಮೂಲೆಯಿಂದ ಅಂಗೈಯಗಲ ಚೂರು ಹೋಗಿತ್ತು, ಲವಿನಾ ತನ್ನ ತೊಟ್ಟಿಗೆ ಹಾಕಿಕೊಂಡದ್ದು ಅಷ್ಟೇ. ಉಳಿದದ್ದರ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದಳು: ಮಂದಾಕಿನಿಗೆ ವಾಪಸು ಕೊಡ್ಲಿಕ್ಕೆ ಉಂಟು. ಆಕೆ ಸಾಯುವಾಗ ಮಗನಿಗೆ, ಮಗ ತನ್ನ ಮಗನಿಗೆ, ಅವನು ವಲೇರಿಯನ್‌ನಿಗೆ ಅದನ್ನು ಹೇಳಿ ಹೋಗಿದ್ದರಂತೆ. ಹೆಪ್ಪು ಇಸಿದುಕೊಂಡವರು ಮೊಸರಾದ ಮೇಲೆ ಒಂದು ಬಟ್ಟಲು ತಿರುಗಿ ಕೊಡುವುದು ನಮ್ಮ ಓಣಿಯ ನಡತೆ. ಆಕೆ ಅದನ್ನು ನಿನ್ನಿಂದ ಕಲಿತಿದ್ದಳು, ನೀನೇ ಮರೆತಿದ್ದೆ. ನಾನು ಅಲ್ಲೇ ಕೂತು ಆ ಮುದುಕನೆದುರು ನಾಚಿಕೆಯಿಲ್ಲದೆ ಅತ್ತೆ. ಹಾಳೆಯನ್ನು ಎರಡು ಮಾಡಿ ಅರ್ಧವನ್ನು ಅವರ ಬೈಬಲಿನೊಳಗೇ ಇಡಿಸಿ ಬಂದೆ. ನನ್ನಂಥ ಮರೆಗುಳಿ ಇನ್ನೊಬ್ಬಳು ಹುಟ್ಟದಿರುತ್ತಾಳೆಯೇ?

ಇವತ್ತು ಬೆಳಿಗ್ಗೆ ಮನೆಗೆ ಬಂದೆ. ತೊಟ್ಟಿಗೆ ಮೂಗು ಇಟ್ಟು ನೋಡಿದೆ, ತಿರುಳು ಇನ್ನೂ ಹುಳಿದಿಲ್ಲ. ಬನವ್ವ ತೋಳು ಮಡಚಿ ಕಾದಿದ್ದಾಳೆ. ಈ ಹಿಂದೋಲೆಯನ್ನು ನಾನು ಬರೆಯುತ್ತಿರುವುದು ನಿನ್ನದೇ ಹಾಳೆಯ ಉಳಿದ ಅರ್ಧದ ಮೇಲೆ, ಎರಡೂ ಮಗ್ಗುಲಿಗೆ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ. ಬರೆದು ಮುಗಿಸಿ ಒಂದು ಚೂರನ್ನು ಕಪಾಟಿಗೆ ಎತ್ತಿಟ್ಟು, ಉಳಿದದ್ದನ್ನು ಅವಳ ಕೈಗೆ ಕೊಡುತ್ತೇನೆ. ಅವಳು ಓದುವುದಿಲ್ಲ. ಹರಿದು ನೆನೆಸಿ ತೊಟ್ಟಿಗೆ ಕಲಸುತ್ತಾಳೆ. ಹಿಂದೋಲೆಯನ್ನು ನೀರಿಗೆ ಬಿಡಬೇಕೆಂಬ ಪದ್ಧತಿಯೂ ಅಲ್ಲಿಗೆ ನೆರವೇರುತ್ತದೆ. ಭಂಡಾರದವರಿಗೆ ಏನು ಹೇಳಿ ಕಳಿಸಿದೆ ಎಂದು ಕೇಳಿದೆ. "ತೊಟ್ಟಿ ತುಂಬೈತಿ, ಕೈ ಖಾಲಿ ಇಲ್ಲ ಅಂತ ಹೇಳೇನಿ" ಎಂದಳು.

ಈಗ ನನ್ನ ಬೇಡಿಕೆ. ನೀನು ಹಾಳೆ ಕೊಟ್ಟೆ, ಅದು ನಮಗೆ ತಲುಪಿತು, ಅದಕ್ಕಾಗಿ ನಿನ್ನ ಕಾಲಿಗೆ ಬೀಳುತ್ತೇನೆ. ಕೇಳುವುದು ಬೇರೆ. ದೀಪ ಶಾಂತ ಮಾಡಿದ ಆ ರಾತ್ರಿ ನೀಲವ್ವ ಮತ್ತೆ ಮಲಗಿದವಳು ಏಳಲಿಲ್ಲ. ಹದಿನೈದನೆಯ ದಿನ ಹೋದಳು. ವಯಸ್ಸಾಗಿತ್ತು, ಹೋಗುವ ಕಾಲ ಬಂದಿತ್ತು ಎಂದು ಎಲ್ಲರೂ ಹೇಳಿದರು. ನೀನು ಮಾತ್ರ ಅರವತ್ತು ದಾಟಿದ ಮೇಲೂ ನನ್ನ ಅಜ್ಜಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ನನ್ನ ಸೆಡವಿಗೆ ಆಕೆ ತನ್ನ ದೀಪ ತಾನೇ ಆರಿಸಿಕೊಂಡಳು ಎಂದು ಹೇಳಿ ಹೇಳಿ ಅಳುತ್ತಿದ್ದೆಯಂತೆ. ದೊಡ್ಡ ಹಾಳೆಗಳನ್ನು ಮಾಡಿದೆ, ಹೆಸರಾಯಿತು, ದೂರದೂರದಿಂದ ಕಲಿಯಲು ಬಂದರು. ಅದೊಂದು ಸಂಜೆಯನ್ನು ಮಾತ್ರ ಯಾವ ತೊಟ್ಟಿಯಲ್ಲಿಯೂ ಕರಗಿಸಲು ನಿನಗಾಗಲಿಲ್ಲ.

ಅದಕ್ಕೇ, ಮಂದಾಕಿನಿ, ಇನ್ನು ಏಳು ವರ್ಷಕ್ಕೆ ಒಂದು ಸಂಜೆ ಬಾಗಿಲಲ್ಲಿ ಕೆಸರು ಮೆತ್ತಿದ ಚಪ್ಪಲಿ ಕಾಣಿಸಿದರೆ ನಿನ್ನ ಸಿಟ್ಟನ್ನು ಬಿಡು ಎನ್ನುವುದಿಲ್ಲ, ಇಟ್ಟುಕೊ, ಅದು ನ್ಯಾಯವಾದದ್ದೇ. ಮಾತಾಡಿಸಬೇಡ, ಚಹಾ ಕೊಡಬೇಡ. ಮೂಲೆಯ ಹಾಸಿಗೆ ಕಿರ್ರೆನ್ನುವ ಮೊದಲು ಒಳಗೆ ಹೋಗಿ ಒಂದು ಹಾಳೆ ತಂದು ಕೊ‌ಟ್ಟುಬಿಡು. ಮುದುಕಿ ಮಲಗಿರಲಿ, ದೀಪ ಉರಿಯುತ್ತಿರಲಿ.

ಬನವ್ವ ಕೈ ಚಾಚಿ ನಿಂತಿದ್ದಾಳೆ, ಹೊತ್ತು ಇಳಿಯುತ್ತಿದೆ. ನಿನ್ನ ಪತ್ರಿಕೆಗಳು ನನಗೆ ಕಲಿಸಿದ ಒಂದೇ ಮುಕ್ತಾಯವನ್ನು ಇಲ್ಲಿ ಬರೆಯುತ್ತೇನೆ, ಈ ಸಲ ನಗದೆ ಓದು.

ನಿನ್ನ ಆಗಮನಾಭಿಲಾಷಿ,
ಹೊಳೆವ್ವ